ಫೋನಿನೊಳಗೆ ಅಜ್ಜಿ ಇದ್ದಾರಾ?

ಮೂರು ವರ್ಷದವಳಿದ್ದಾಗ ನನ್ನ ಮಗಳು ಅಜ್ಜಿಯ ಜೊತೆ ಮಾತಾಡಿ ಮುಗಿಸಿದ ಕೂಡಲೇ ಫೋನನ್ನು ತಿರುಗಿಸಿ ಅದರ ಬೆನ್ನು ನೋಡುತ್ತಿದ್ದಳು. ಅಜ್ಜಿ ಆ ಕಡೆಯ ಬಾಗಿಲಿನಿಂದ ಎದ್ದು ಹೋದರೇನೋ ಎಂಬ ಹಾಗೆ. ನಾವೆಲ್ಲ ನಗುತ್ತಿದ್ದೆವು. ಈಗ ಅವಳಿಗೆ ಆರು. ಬೆನ್ನು ನೋಡುವುದನ್ನು ಬಿಟ್ಟಿದ್ದಾಳೆ, ಅನುಮಾನವನ್ನು ಬಿಟ್ಟಿಲ್ಲ. ಒಂದು ರಾತ್ರಿ ದೀಪ ಆರಿಸುವ ಹೊತ್ತಿಗೆ ಕೇಳಿದಳು: “ಅಮ್ಮಾ, ಅಜ್ಜಿ ಫೋನೊಳಗೆ ಇರಲ್ಲ ಅಂತ ನಂಗೊತ್ತು. ಮತ್ತೆ ಅವರ ಧ್ವನಿ ಮಾತ್ರ ಒಳಗೆ ಹೇಗೆ ಬಂತು?”

ನಾನು ಇಂಜಿನಿಯರ್ ಅಲ್ಲ. ದಿನವಿಡೀ ಮಾತಾಡಿ ದಣಿದ ತಾಯಿ. “ಆಕಾಶದಲ್ಲಿ ಸ್ಯಾಟಲೈಟ್ ಇರುತ್ತಲ್ಲ, ಅಲ್ಲಿಗೆ ಹೋಗಿ ವಾಪಸ್ ಬರುತ್ತೆ. ಮಲಗು ಈಗ” ಎಂದೆ. ಅವಳು ಒಪ್ಪಿದಳು. ಆಚೆ ಹಾಸಿಗೆಯಲ್ಲಿ ನಿದ್ದೆ ಹೋಗಿದ್ದಾನೆ ಎಂದುಕೊಂಡಿದ್ದ ಒಂಬತ್ತು ವರ್ಷದ ಮಗ ಮಾತ್ರ ಕತ್ತಲಲ್ಲೇ ಕೇಳಿದ: “ಸ್ಯಾಟಲೈಟ್‌ಗೆ ಹೋಗೋದಾದ್ರೆ ಟವರ್ ಯಾಕೆ ಕಟ್ಟಿದ್ದಾರೆ?”

ಯಾಕೆ ಕಟ್ಟಿದ್ದಾರೆ? ಇಷ್ಟು ವರ್ಷ ಫೋನು ಹಿಡಿದು ಓಡಾಡಿದವಳಿಗೆ ಒಮ್ಮೆಯೂ ಈ ಪ್ರಶ್ನೆ ಹುಟ್ಟಿರಲಿಲ್ಲ. ಆಮೇಲಿನ ಕೆಲವು ತಿಂಗಳು ನಾನು ಓದಿದ್ದೆಷ್ಟೋ, ಮಕ್ಕಳಿಗೆ ಹೇಳಲು ಹೋಗಿ ಎಡವಿದ್ದೂ ಅಷ್ಟೇ. ಎಡವಿದ ಕಡೆಗಳೇ ನನಗೆ ಚೆನ್ನಾಗಿ ನೆನಪಿವೆ.

ಮೊದಲು ಆ ಸ್ಯಾಟಲೈಟಿನ ಸುಳ್ಳನ್ನು ಹಿಂದೆಗೆದುಕೊಳ್ಳಬೇಕಿತ್ತು. ಭೂಮಿಯ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಸಂಪರ್ಕ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಮಾತು ಅಲ್ಲಿಗೆ ಹತ್ತಿ ಇಳಿಯುವುದೆಂದರೆ 72,000 ಕಿಲೋಮೀಟರ್. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕಿಗೂ ಅದಕ್ಕೆ ಹೆಚ್ಚುಕಡಿಮೆ ಕಾಲು ಸೆಕೆಂಡ್ ಹಿಡಿಯುತ್ತದೆ. ಆ ಕಡೆಯವರ ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡ್. ನಮ್ಮ ಮಾತೆಲ್ಲ ಹೀಗೆ ಹೋಗುವಂತಿದ್ದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು ಜಗಳವೇ ಆಗುತ್ತಿತ್ತು. ಹಡಗಿನಲ್ಲಿ, ಮರುಭೂಮಿಯಲ್ಲಿ ಬಳಸುವ ಸ್ಯಾಟಲೈಟ್ ಫೋನುಗಳು ಬೇರೆ. ನಮ್ಮ ನಿಮ್ಮ ಕೈಯಲ್ಲಿರುವ ಫೋನಿನ ಸಾಧಾರಣ ಕರೆ ಆಕಾಶದ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. “ಮ್ಯಾಪ್ ನೋಡೋವಾಗ ಸ್ಯಾಟಲೈಟ್ ಬೇಕು ಅಂತ ಟೀಚರ್ ಹೇಳಿದ್ರು” ಎಂದು ಮಗ ವಾದಕ್ಕೆ ಬಂದ. ಅದು ನಿಜವೇ. ಆದರೆ ಅಲ್ಲಿ ಫೋನು ಉಪಗ್ರಹಗಳ ಸದ್ದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ, ತಿರುಗಿ ಮಾತಾಡುವುದಿಲ್ಲ.

ಮುಂದಿನ ಪ್ರಯತ್ನಕ್ಕೆ ನಮ್ಮ ಬಾಲ್ಯದ ಬೆಂಕಿಪೊಟ್ಟಣದ ಫೋನನ್ನೇ ಕರೆತಂದೆ. ಎರಡು ಖಾಲಿ ಪೊಟ್ಟಣ, ನಡುವೆ ಉದ್ದ ದಾರ. ದಾರ ಬಿಗಿಯಾಗಿದ್ದರೆ ಪಿಸುಗುಟ್ಟಿದ್ದೂ ಕೇಳುತ್ತದೆ, ಸಡಿಲ ಬಿಟ್ಟರೆ ಕಿವುಡು. ನಡುವೆ ಯಾರಾದರೂ ದಾರವನ್ನು ಬೆರಳಿನಿಂದ ಚಿವುಟಿದರೆ ಮಾತು ಅಲ್ಲೇ ಸಾಯುತ್ತದೆ. ಗಂಟಲ ಮೇಲೆ ಕೈಯಿಟ್ಟು ‘ಮ್ಮ್ಮ್’ ಎಂದರೆ ಏನು ನಡುಗುತ್ತದೋ ಅದೇ ನಡುಕ ಪೊಟ್ಟಣಕ್ಕೆ, ಪೊಟ್ಟಣದಿಂದ ದಾರಕ್ಕೆ, ದಾರದಿಂದ ಅಣ್ಣನ ಕಿವಿಗೆ. ಮಾತೆಂದರೆ ನಡುಕ ಎಂಬುದು ಚಿಕ್ಕವಳಿಗೆ ಒಂದೇ ಮಧ್ಯಾಹ್ನದಲ್ಲಿ ಅರ್ಥವಾಯಿತು. ನಾನು ಹಿಗ್ಗಿದೆ.

ಹಿಗ್ಗಿದ ಭರದಲ್ಲೇ ತಪ್ಪಿದೆ. “ಮತ್ತೆ ನಿನ್ನ ಫೋನಿಗೆ ದಾರ ಎಲ್ಲಿ?” ಎಂದಳು. “ಅದಕ್ಕೆ ಕಣ್ಣಿಗೆ ಕಾಣದ ದಾರ ಇದೆ” ಎಂದುಬಿಟ್ಟೆ. ಕೇಳಲು ಚೆಂದ. ಆದರೆ ಮಾರನೆಯ ದಿನದಿಂದ ಅವರಪ್ಪ ಫೋನಿನಲ್ಲಿ ಮಾತಾಡುವಾಗೆಲ್ಲ ಇವಳು ಅವರ ಮುಂದೆ ಹಾಯುವಾಗ ಬಗ್ಗಿ, ನುಸುಳಿ ಹೋಗತೊಡಗಿದಳು. ದಾರ ಕಡಿದೀತು ಎಂದು. ಒಂದು ವಾರ ಅವಳು ಹೀಗೆ ನೆಲಕ್ಕೆ ಬಾಗಿ ನಡೆದಾಡಿದ್ದನ್ನು ನೋಡಿದ ಮೇಲೆ, ಮಕ್ಕಳಿಗೆ ಹೋಲಿಕೆ ಕೊಡುವುದೆಂದರೆ ಸಾಲ ಕೊಟ್ಟ ಹಾಗೆ ಅನ್ನಿಸಿತು. ಅವರು ಬಡ್ಡಿ ಸಮೇತ ಹಿಂದಿರುಗಿಸುತ್ತಾರೆ.

ಕಾಣದ ದಾರದಲ್ಲಿ ಇನ್ನೂ ದೊಡ್ಡ ದೋಷವೊಂದಿತ್ತು. ಆ ದಾರ ನಮ್ಮ ಫೋನಿನಿಂದ ನೆಟ್ಟಗೆ ಅಜ್ಜಿಯ ಫೋನಿಗೆ ಹೋಗುತ್ತದೆ ಎಂದು ಇಬ್ಬರೂ ನಂಬಿದ್ದರು. ಆ ನಂಬಿಕೆ ಕೆಡವಲು ಒಂದು ಸುಲಭ ಉಪಾಯ ಸಿಕ್ಕಿತು. ನನ್ನ ಫೋನಿನಿಂದ ಅವರಪ್ಪನ ಫೋನಿಗೆ ಕರೆ ಮಾಡಿ ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟೆವು. (ತೀರ ಹತ್ತಿರ ಇಡಬೇಡಿ. ನಾವು ಸ್ಪೀಕರ್ ಹಾಕಿ ಪಕ್ಕಪಕ್ಕದಲ್ಲಿಟ್ಟಾಗ ಎರಡೂ ಸೇರಿ ಊಳಿಟ್ಟವು, ಚಿಕ್ಕವಳು ಹೆದರಿ ಮಂಚದ ಕೆಳಗೆ ಸೇರಿದಳು.) ಮಗ ಒಂದರ ಮುಂದೆ ಚಪ್ಪಾಳೆ ತಟ್ಟಿದ. ಇನ್ನೊಂದನ್ನು ಕಿವಿಗೆ ಹಿಡಿದಿದ್ದವಳಿಗೆ ಎರಡು ಚಪ್ಪಾಳೆ ಕೇಳಿತು: ಒಂದು ನೇರವಾಗಿ, ಇನ್ನೊಂದು ಅದರ ಬೆನ್ನಿಗೆ, ಫೋನಿನಿಂದ.

“ಲೇಟಾಗಿ ಬಂತು!” ಎಂದಳು. ಹೌದು. ನಾಲ್ಕು ಹೆಜ್ಜೆ ಆಚೆಗೆ ಇದ್ದ ಫೋನಿಗೆ ಹೋಗಲು ಆ ಚಪ್ಪಾಳೆ ಮೊದಲು ಟವರಿಗೆ ಹೋಗಿದೆ. ಟವರಿನಿಂದ ದೂರದ ಯಾವುದೋ ಕಟ್ಟಡದ ಕಂಪ್ಯೂಟರುಗಳಿಗೆ, ಅಲ್ಲಿಂದ ಮತ್ತೆ ಟವರಿಗೆ, ಆಮೇಲೆ ಈ ಫೋನಿಗೆ. ದಾರಿಗಿಂತ ಹೆಚ್ಚು ಹೊತ್ತು ಹಿಡಿದದ್ದು ಸದ್ದನ್ನು ಕಳಿಸಲು ಮೂಟೆ ಕಟ್ಟುವುದಕ್ಕೆ ಮತ್ತು ಆ ತುದಿಯಲ್ಲಿ ಬಿಚ್ಚುವುದಕ್ಕೆ, ಅದರ ಕಥೆ ಮುಂದಿದೆ. ಮಗನಿಗೆ ಇದು ನಗೆಯ ವಿಷಯವಾಯಿತು: “ಪಕ್ಕದಲ್ಲಿ ಕೂತವನಿಗೆ ಹೇಳೋಕೆ ಊರೆಲ್ಲ ಸುತ್ತಬೇಕಾ?” ಸುತ್ತಬೇಕು. ಎರಡು ಫೋನುಗಳು ಒಂದಕ್ಕೊಂದು ಮಾತಾಡುವುದೇ ಇಲ್ಲ. ಪ್ರತಿಯೊಂದೂ ಮಾತಾಡುವುದು ತನ್ನ ಟವರಿನ ಜೊತೆಗೆ ಮಾತ್ರ.

ಅಲ್ಲಿಂದ ಮುಂದೆ ಹೆಚ್ಚಿನ ದಾರಿ ನೆಲದೊಳಗೆ. ಕೂದಲೆಳೆಯಷ್ಟು ಸಪುರವಾದ ಗಾಜಿನ ಎಳೆಗಳಲ್ಲಿ ಬೆಳಕಾಗಿ ಓಡುತ್ತದೆ. ಖಂಡದಿಂದ ಖಂಡಕ್ಕಾದರೆ ಸಮುದ್ರದ ತಳದಲ್ಲಿ ಹಾಸಿರುವ ಕೇಬಲಿನಲ್ಲಿ. ನಾವು ನಿಸ್ತಂತು ಎಂದು ಬೀಗುವ ಫೋನಿನ ಮಾತು ತಂತಿಯಿಲ್ಲದೆ ಸಾಗುವುದು ಸಾಮಾನ್ಯವಾಗಿ ಎರಡೂ ತುದಿಯ ಕೆಲವು ನೂರು ಮೀಟರ್, ಇಲ್ಲವೇ ಕೆಲವು ಕಿಲೋಮೀಟರ್ ಮಾತ್ರ. ಬೆಂಕಿಪೊಟ್ಟಣದ ಫೋನಿಗೆ ದಾರ ಇದ್ದದ್ದು ತಪ್ಪೇನಲ್ಲ ಎಂದು ಚಿಕ್ಕವಳಿಗೆ ಸಮಾಧಾನವಾಯಿತು. ಸಮುದ್ರದ ಕೆಳಗಿನ ದಾರವನ್ನು ಮೀನು ಕಚ್ಚುವುದಿಲ್ಲವೇ ಎಂದೂ ಕೇಳಿದಳು. ಆ ಪ್ರಶ್ನೆ ಹಿಡಿದು ಹೊರಟರೆ ಬೇರೆಯದೇ ಬರಹವಾಗುತ್ತದೆ.

ಟವರಿನವರೆಗಿನ ಆ ಚಿಕ್ಕ ಹಾದಿಯೇ ಹೇಳಲು ಕಷ್ಟವಾದದ್ದು. ‘ಗಾಳಿಯಲ್ಲಿ ಬರುತ್ತೆ’ ಎಂದು ಎಲ್ಲರೂ ಹೇಳುತ್ತೇವೆ. ಅದು ಸರಿಯಲ್ಲ. ಗಾಳಿ ಬೇಕಾದದ್ದು ಬಾಯಿಂದ ಕಿವಿಗೆ ಬರುವ ಸದ್ದಿಗೆ. ಫೋನು ಕಳಿಸುವ ರೇಡಿಯೋ ಅಲೆಗೆ ಗಾಳಿಯೇ ಬೇಡ, ಸೂರ್ಯನ ಬೆಳಕು ಗಾಳಿಯಿಲ್ಲದ ಬಯಲನ್ನು ದಾಟಿ ಬರುವುದಿಲ್ಲವೇ, ಹಾಗೆ. ‘ಅಲೆ’ ಎಂಬ ಪದವನ್ನು ಹಿಡಿದು ನೀರಿನ ತೊಟ್ಟಿಯ ಹತ್ತಿರ ಹೋಗುವ ಆಸೆ ನನಗೂ ಇತ್ತು. ಬಿಟ್ಟೆ. ಬದಲಿಗೆ ಟಾರ್ಚ್ ಹಿಡಿದೆ.

ದೀಪ ಆರಿಸಿ, ಮಗನನ್ನು ಕೋಣೆಯ ಒಂದು ಮೂಲೆಗೆ, ಮಗಳನ್ನು ಇನ್ನೊಂದು ಮೂಲೆಗೆ ಕಳಿಸಿದೆ. ಒಮ್ಮೆ ಮಿನುಗಿಸಿದರೆ ಕೂರು, ಎರಡು ಸಲಕ್ಕೆ ನಿಲ್ಲು, ಮೂರಕ್ಕೆ ಕುಣಿ. ಹತ್ತು ನಿಮಿಷ ಅವಳು ಕುಣಿದದ್ದೇ ಕುಣಿದದ್ದು. ಆಮೇಲೆ ಹೇಳಿದೆ: ಫೋನೂ ಹೀಗೇ ಬೆಳಕು ಬಿಡುತ್ತದೆ, ಆದರೆ ನಮ್ಮ ಕಣ್ಣು ನೋಡಲಾರದ ಬೆಳಕು. ಬಣ್ಣದ ಹೆಸರಿಲ್ಲದ ಬಣ್ಣ. ಇದನ್ನು ಮಕ್ಕಳಿಗಾಗಿ ಕಟ್ಟಿದ ಕಥೆ ಎಂದುಕೊಳ್ಳಬೇಡಿ, ಅಕ್ಷರಶಃ ಸತ್ಯ. ಬೆಳಕೂ ಒಂದು ವಿದ್ಯುತ್ಕಾಂತೀಯ ಅಲೆ, ಅಂದರೆ ವಿದ್ಯುತ್ತು ಮತ್ತು ಕಾಂತಶಕ್ತಿ ಜೊತೆಗೂಡಿ ಸಾಗುವ ಅಲೆ, ಎಂದು 1860ರ ದಶಕದಲ್ಲಿ ವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲೆಕ್ಕದಲ್ಲೇ ಕಂಡರು. ಕಣ್ಣಿಗೆ ಕಾಣದ ಅದರ ನೆಂಟರನ್ನು ಹೈನ್ರಿಕ್ ಹರ್ಟ್ಸ್ 1880ರ ದಶಕದ ಕೊನೆಗೆ ಪ್ರಯೋಗಶಾಲೆಯಲ್ಲಿ ಹುಟ್ಟಿಸಿ ತೋರಿಸಿದರು. 1890ರ ದಶಕದಲ್ಲಿ ಜಗದೀಶ್ ಚಂದ್ರ ಬೋಸ್ ಕಲ್ಕತ್ತೆಯಲ್ಲಿ ಅಂಥ ಅಲೆಗಳನ್ನು ಗೋಡೆಯಾಚೆಗೆ ಕಳಿಸಿ ಗಂಟೆ ಬಾರಿಸಿದ್ದರು. ಮುಟ್ಟದೆ ಗಂಟೆ ಬಾರಿಸಿದ ಕಥೆ ಮಕ್ಕಳಿಗೆ ಮ್ಯಾಕ್ಸ್‌ವೆಲ್‌ಗಿಂತ ಸಾವಿರ ಪಾಲು ಹಿಡಿಸಿತು ಎಂದು ಬೇರೆ ಹೇಳಬೇಕಿಲ್ಲ.

ಕಾಣುವ ಬೆಳಕಿನ ಒಂದು ಅಲೆ ಕೂದಲೆಳೆಯ ದಪ್ಪದ ನೂರರಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಫೋನುಗಳು ಬಳಸುವ 900 ಮೆಗಾಹರ್ಟ್ಸ್ ಅಲೆ ಸುಮಾರು 33 ಸೆಂಟಿಮೀಟರ್, ಮಗನ ಕಂಪಾಸ್ ಬಾಕ್ಸಿನ ಎರಡು ಅಡಿಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿದರೆ ಎಷ್ಟೋ ಹೆಚ್ಚುಕಡಿಮೆ ಅಷ್ಟು. ಅದು ಸೆಕೆಂಡಿಗೆ ತೊಂಬತ್ತು ಕೋಟಿ ಸಲ ಏರಿ ಇಳಿಯುತ್ತದೆ. ಗೋಡೆ ಅದಕ್ಕೆ ಮಬ್ಬು ಗಾಜಿನಂತೆ, ಒಂದಿಷ್ಟು ತಡೆದು ಒಂದಿಷ್ಟು ಬಿಡುತ್ತದೆ. ಲೋಹ ಮಾತ್ರ ಕನ್ನಡಿಯಂತೆ ತಿರುಗಿಸಿ ಹೊಡೆಯುತ್ತದೆ.

ಇಷ್ಟು ಹೇಳಿದ ಮೇಲೆ ಪ್ರಯೋಗ ಮಾಡಿ ತೋರಿಸದಿದ್ದರೆ ಹೇಗೆ? ಮುಚ್ಚಳವಿರುವ ಸ್ಟೀಲ್ ಡಬ್ಬಿಯೊಳಗೆ ನನ್ನ ಫೋನಿಟ್ಟು ಮುಚ್ಚಿ, “ಈಗ ನೋಡಿ, ರಿಂಗೇ ಆಗಲ್ಲ” ಎಂದು ಜಂಬದಿಂದ ಸಾರಿದೆ. ಡಬ್ಬಿಯೊಳಗಿಂದ ಫೋನು ಚೆನ್ನಾಗಿ ಕೂಗಿತು. ಡಬ್ಬಿಯಾದ್ದರಿಂದ ಮೊದಲಿಗಿಂತ ಜೋರಾಗಿಯೇ ಕೂಗಿತು ಅನ್ನಿ. ಮುಚ್ಚಳದ ಸುತ್ತ ಉಳಿದ ಸಂದು ಸಾಕಂತೆ, ಅಲೆ ಅಲ್ಲಿಂದಲೇ ನುಸುಳಿಕೊಳ್ಳುತ್ತದೆ. ಕೊನೆಗೆ ಅಲ್ಯೂಮಿನಿಯಂ ಫಾಯಿಲನ್ನು ಮೂರು ಸುತ್ತು ಸುತ್ತಿ, ಅಂಚುಗಳನ್ನು ಮಡಚಿ ಒತ್ತಿದಾಗ ಫೋನು ಸುಮ್ಮನಾಯಿತು. ಮಕ್ಕಳಿಗೆ ಗೆದ್ದ ಪ್ರಯೋಗಕ್ಕಿಂತ ಸೋತದ್ದೇ ಇಷ್ಟವಾಗಿದೆ. ಬಂದವರಿಗೆಲ್ಲ ಡಬ್ಬಿಯ ಕಥೆ ಹೇಳುತ್ತಾರೆ.

ಟಾರ್ಚಿನ ಆಟದಿಂದಲೇ ಮುಂದಿನ ಪ್ರಶ್ನೆ ಎದ್ದಿತು. ಎಲ್ಲರೂ ಒಟ್ಟಿಗೆ ಟಾರ್ಚ್ ಹೊಡೆದರೆ ಯಾರ ಬೆಳಕು ಯಾರಿಗೆ ಎಂದು ತಿಳಿಯುವುದು ಹೇಗೆ? ಮಗ ಕೇಳಿದ ಇದೇ ಪ್ರಶ್ನೆ ಕಳೆದ ಶತಮಾನದ ಇಂಜಿನಿಯರುಗಳನ್ನೂ ಕಾಡಿತ್ತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1946ರಲ್ಲೇ ಕಾರಿನಲ್ಲಿಟ್ಟುಕೊಳ್ಳುವ ಫೋನು ಶುರುವಾಗಿತ್ತು. ಊರಿಗೆಲ್ಲ ಕೇಳುವಂತೆ ಒಂದು ದೊಡ್ಡ ಟವರ್ ಕೂಗುತ್ತಿತ್ತು. ಕೂಗಿದರೆ ಆಗುವುದೇನು? ಒಂದು ಹೊತ್ತಿಗೆ ಬೆರಳೆಣಿಕೆಯ ಜನ ಮಾತ್ರ ಮಾತಾಡಬಹುದು. ಉಳಿದವರು ಕಾಯಬೇಕು. ಅಲ್ಲಿನ ದೂರವಾಣಿ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ 1947ರಲ್ಲಿ ಡಗ್ಲಸ್ ರಿಂಗ್ ಎಂಬ ಇಂಜಿನಿಯರ್ ಬರೆದ ಟಿಪ್ಪಣಿಯೊಂದರಲ್ಲಿ ಬೇರೆಯೇ ದಾರಿ ಇತ್ತು: ನೆಲವನ್ನು ಜೇನುಗೂಡಿನ ಕಣಗಳ ಹಾಗೆ ಆರು ಮೂಲೆಯ ಚಿಕ್ಕ ಚಿಕ್ಕ ತುಂಡುಗಳಾಗಿ ಹಂಚು, ಒಂದೊಂದಕ್ಕೂ ಒಂದು ಸಣ್ಣ ಟವರ್ ಕೊಡು, ಎಲ್ಲರೂ ಮೆಲ್ಲಗೆ ಮಾತಾಡಲಿ. ಆ ಕಣವೇ ‘ಸೆಲ್’. ಸೆಲ್ ಫೋನಿನ ಸೆಲ್ ಎಂದರೆ ಬ್ಯಾಟರಿ ಎಂದು ನಾನು ಬಹಳ ವರ್ಷ ತಿಳಿದಿದ್ದೆ, ನಗಬೇಡಿ.

ತರಗತಿಯ ಉದಾಹರಣೆ ಇಲ್ಲಿ ಚೆನ್ನಾಗಿ ಒದಗಿತು. ನಲವತ್ತು ಮಕ್ಕಳಿರುವ ಕೋಣೆಯಲ್ಲಿ ಒಬ್ಬ ಕಿರುಚಿದರೆ ಉಳಿದ ಮೂವತ್ತೊಂಬತ್ತು ಜನ ಬಾಯಿ ಮುಚ್ಚಬೇಕು. ಎಲ್ಲರೂ ಪಿಸುಗುಟ್ಟಿದರೆ ಇಪ್ಪತ್ತು ಜೋಡಿ ಒಟ್ಟಿಗೆ ಮಾತಾಡಬಹುದು. ಈ ಮೂಲೆಯಲ್ಲಿ ಬಳಸಿದ ಅಲೆಯನ್ನೇ ಆ ಮೂಲೆಯಲ್ಲೂ ಬಳಸಬಹುದು, ನಡುವೆ ಸಾಕಷ್ಟು ದೂರ ಇದ್ದರಾಯಿತು. ಇದನ್ನೆಲ್ಲ ಓದುವಾಗ ನನಗೆ ಮೈ ಝುಂ ಎಂದದ್ದು ಇಲ್ಲಿಯೇ. ಫೋನಿನ ಶಕ್ತಿ ಎಂದರೆ ದೂರ ದೂರಕ್ಕೆ ಕೂಗಬಲ್ಲ ತಾಕತ್ತು ಎಂದುಕೊಂಡಿದ್ದೆ. ಅದರ ಜಾಣತನ ಇರುವುದು ಎಷ್ಟು ಬೇಕೋ ಅಷ್ಟೇ ಮೆಲ್ಲಗೆ ಮಾತಾಡುವುದರಲ್ಲಿ. ಟವರ್ ಹತ್ತಿರವಿದ್ದರೆ ಫೋನು ದನಿ ತಗ್ಗಿಸುತ್ತದೆ, ದೂರವಾದರೆ ಏರಿಸುತ್ತದೆ. ಸಿಗ್ನಲ್ ಕಡಿಮೆ ಇರುವ ಕಡೆ ಬ್ಯಾಟರಿ ಬೇಗ ಮುಗಿಯುವುದು ಅದಕ್ಕೇ, ಪಾಪ ಅದು ಗಂಟಲು ಹರಿದುಕೊಳ್ಳುತ್ತಿರುತ್ತದೆ. ಕೇಳಿಸಿಕೊಳ್ಳುವ ಕಿವಿಯೋ, ಕೇಳಲೇಬೇಡಿ. ಒಂದು ವ್ಯಾಟ್‌ನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಕ್ಷೀಣವಾಗಿ ಬಂದರೂ ಹಿಡಿದುಬಿಡುತ್ತದೆ.

ಟಿಪ್ಪಣಿಯಿಂದ ಕೈಯಲ್ಲಿ ಹಿಡಿಯುವ ಫೋನಿನವರೆಗೆ ಬರಲು ಕಾಲು ಶತಮಾನ ಹಿಡಿಯಿತು. 1973ರ ಏಪ್ರಿಲ್ 3ರಂದು ಮೋಟೊರೋಲಾದ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಸುಮಾರು ಒಂದು ಕಿಲೋಗಿಂತ ತುಸು ಹೆಚ್ಚು ತೂಕದ ಫೋನಿನಿಂದ ಕರೆ ಮಾಡಿದರು. ಯಾರಿಗೆ? ಇದೇ ಕೆಲಸದಲ್ಲಿ ಪೈಪೋಟಿಗಿಳಿದಿದ್ದ ಬೆಲ್ ಲ್ಯಾಬ್ಸ್‌ನ ಜೋಯಲ್ ಎಂಗೆಲ್‌ಗೆ. “ಹೊಟ್ಟೆ ಉರಿಸೋಕೆ!” ಎಂದ ನನ್ನ ಮಗ. ಅಣ್ಣ ತಂಗಿಯರಿರುವ ಮನೆಯಲ್ಲಿ ಇದಕ್ಕೆ ವಿವರಣೆ ಬೇಕಾಗಲಿಲ್ಲ.

ಓಡುವ ಬಸ್ಸಿನಲ್ಲಿ ಕೂತು ಮಾತಾಡಿದರೂ ಕಡಿಯದಿರುವುದು ಹೇಗೆ ಎನ್ನುವುದಕ್ಕೆ ರಿಲೇ ಓಟದ ಕೋಲು ಸಾಕಾಯಿತು. ಫೋನು ಮಾತಾಡುತ್ತಲೇ ಅಕ್ಕಪಕ್ಕದ ಟವರುಗಳು ಎಷ್ಟು ಚೆನ್ನಾಗಿ ಕೇಳುತ್ತಿವೆ ಎಂದು ಅಳೆದು ವರದಿ ಒಪ್ಪಿಸುತ್ತಿರುತ್ತದೆ, ಹಳೆಯ 2ಜಿಯಲ್ಲಿ ಸೆಕೆಂಡಿಗೆ ಎರಡು ಸಲ. ಯಾವುದು ಚೆನ್ನಾಗಿ ಕೇಳುತ್ತದೋ ಅದರ ಕೈಗೆ ಕೋಲು.

“ನಾವು ಕರೆ ಮಾಡಿದಾಗ ಅಜ್ಜಿ ಯಾವ ಟವರ್ ಹತ್ರ ಇದ್ದಾರೆ ಅಂತ ಯಾರಿಗೆ ಗೊತ್ತು?” ಇದು ಚಿಕ್ಕವಳದು, ಮತ್ತು ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಒಳ್ಳೆಯ ಪ್ರಶ್ನೆ. ಜೇಬಿನಲ್ಲಿ ಸುಮ್ಮನಿದ್ದಂತೆ ಕಾಣುವ ಫೋನು ಸುಮ್ಮನಿರುವುದಿಲ್ಲ. ಕಿವಿ ತೆರೆದುಕೊಂಡೇ ಇರುತ್ತದೆ, ಒಂದು ವಲಯದಿಂದ ಇನ್ನೊಂದಕ್ಕೆ ಹೋದಾಗ ‘ನಾನೀಗ ಈ ಕಡೆ ಇದ್ದೇನೆ’ ಎಂದು ಹೇಳಿಬಿಡುತ್ತದೆ. ಕರೆ ಬಂದಾಗ ಆ ವಲಯದ ಟವರುಗಳೆಲ್ಲ ಹಾಜರಿ ಕರೆದಂತೆ ಅಜ್ಜಿಯ ಫೋನಿನ ಗುರುತು ಹಿಡಿದು ಕೂಗುತ್ತವೆ. ಅಲ್ಲಿರುವ ಎಲ್ಲ ಫೋನಿಗೂ ಕೇಳುತ್ತದೆ, ‘ಹಾಜರ್’ ಅನ್ನುವುದು ಒಂದೇ. ಆರಿಸುವಾಗಲೂ ಫೋನು ಹೇಳದೆ ಹೋಗುವುದಿಲ್ಲ, ಹೊರಟೆ ಎಂದು ಟವರಿಗೆ ತಿಳಿಸಿಯೇ ಕಣ್ಣು ಮುಚ್ಚುತ್ತದೆ. ಹೇಳಿ ಹೋದವರಿಗೆ ‘ಸ್ವಿಚ್ ಆಫ್ ಆಗಿದೆ’, ಹೇಳದೆ ಮಾಯವಾದವರಿಗೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’. ಆ ಎರಡು ಯಂತ್ರವಾಣಿಗಳ ನಡುವಿನ ವ್ಯತ್ಯಾಸಕ್ಕೆ ಇಂಥದ್ದೊಂದು ಶಿಷ್ಟಾಚಾರ ಕಾರಣವಾಗಿರಬಹುದು ಎಂದು ನಾನು ಎಣಿಸಿರಲೇ ಇಲ್ಲ.

ಫೋನುಗಳ ಈ ಗುಟ್ಟಿನ ಮಾತನ್ನು ನಮ್ಮ ತಲೆಮಾರಿನವರು ಕಿವಿಯಾರೆ ಕೇಳಿದ್ದೇವೆ. ರೇಡಿಯೋ ಅಥವಾ ಕಂಪ್ಯೂಟರ್ ಸ್ಪೀಕರಿನ ಹತ್ತಿರ ಫೋನಿಟ್ಟಿದ್ದರೆ, ರಿಂಗ್ ಆಗುವ ಮೊದಲೇ ‘ಟಿಟಿಟಿ ಟಿಟಿಟಿ ಗರ್ರ್’ ಎನ್ನುತ್ತಿತ್ತಲ್ಲ, ಅದೇ. 2ಜಿಯಲ್ಲಿ ಒಂದೇ ಅಲೆಯನ್ನು ಎಂಟು ಫೋನುಗಳು ಸರದಿಯಲ್ಲಿ ಹಂಚಿಕೊಳ್ಳುತ್ತಿದ್ದವು. ಮಾತಿನ ನಡುವೆ ಒಂದೊಂದಕ್ಕೆ ಸೆಕೆಂಡಿಗೆ ಸುಮಾರು 217 ಸರದಿ, ಒಂದು ಸರದಿ ಮಿಲಿಸೆಕೆಂಡಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆ ಹೊತ್ತಿಹೊತ್ತಿ ಆರುವ ಲಯವೇ ಸ್ಪೀಕರಿನಲ್ಲಿ ಗರ್ರ್ ಆಗುತ್ತಿತ್ತು. ಕರೆ ಬರುವ ಮುನ್ನ ಬರುವ ಆ ಸೂಚನೆಗೆ ಒಂದು ಕಾಲದಲ್ಲಿ ನನ್ನ ಎದೆ ಬೇರೆ ಕಾರಣಕ್ಕೆ ಹೊಡೆದುಕೊಳ್ಳುತ್ತಿತ್ತು. ಮಕ್ಕಳಿಗೆ ಆ ಭಾಗ ಹೇಳಲಿಲ್ಲ.

ಇಷ್ಟಾದರೂ ಮೊದಲ ರಾತ್ರಿಯ ಪ್ರಶ್ನೆ ಹಾಗೇ ಇತ್ತು. ಧ್ವನಿ ಹೇಗೆ ಒಳಗೆ ಬಂತು?

ಚೌಕಳಿ ಪುಸ್ತಕ ತಂದೆವು. ಮಗ ಒಂದು ಪುಟದ ತುಂಬ ಏರಿಳಿಯುವ ಗೆರೆ ಎಳೆದ, ಬೆಟ್ಟಸಾಲಿನ ಹಾಗೆ. ಧ್ವನಿಯ ನಡುಕ ಹೀಗಿರುತ್ತದೆ ಎಂದಿದ್ದೆ. ಅವನು ಪ್ರತಿ ಕಂಬಸಾಲಿನಲ್ಲಿ ಗೆರೆ ಎಷ್ಟನೇ ಮನೆಯ ಎತ್ತರದಲ್ಲಿದೆ ಎಂದು ನೋಡಿ, ಮುಚ್ಚಿದ ಬಾಗಿಲಿನಾಚೆಗೆ ಕೂಗಿ ಹೇಳಬೇಕು. ತಂಗಿ ತನ್ನ ಪುಸ್ತಕದಲ್ಲಿ ಚುಕ್ಕಿ ಇಡಬೇಕು. “ಮೂರು. ಐದು. ಆರು. ಆರು. ನಾಲ್ಕು. ಒಂದು.” ಕೊನೆಗೆ ಅವಳು ಚುಕ್ಕಿ ಕೂಡಿಸಿದಾಗ ಬೆಟ್ಟಸಾಲು ಎದ್ದುಬಂತು. ಅಣ್ಣನದಕ್ಕಿಂತ ಸ್ವಲ್ಪ ಮೊಂಡಾಗಿತ್ತು, ಆದರೆ ಅದೇ ಬೆಟ್ಟ. ಬಾಗಿಲಿನಾಚೆಯಿಂದ ಗೆರೆ ಬರಲಿಲ್ಲ, ಬಂದದ್ದು ಬರೀ ಅಂಕಿ.

ದೂರವಾಣಿಯ ಲೆಕ್ಕದಲ್ಲಿ ಇಂಥ ಚುಕ್ಕಿಗಳು ಸೆಕೆಂಡಿಗೆ 8,000. ಒಂದು ನಿಮಿಷಕ್ಕೆ 4,80,000 ಎಂದು ಮಗ ಗುಣಿಸಿ ಕಂಗಾಲಾದ. ಅಷ್ಟನ್ನು ಕಳಿಸಿದರೆ ಎಲ್ಲರಿಗೂ ಜಾಗ ಸಾಲುವುದಿಲ್ಲ ಎಂದೆ. ಅವನು ಆಟ ಆಡುತ್ತ ಆಡುತ್ತ ತಾನೇ ಉಪಾಯ ಕಂಡುಕೊಂಡ: “ಮೊದಲಿನ ಗುಡ್ಡವೇ, ಒಂದು ಮನೆ ಎತ್ತರ ಮಾಡ್ಕೋ” ಎಂದು ಕೂಗತೊಡಗಿದ. ಫೋನು ಮಾಡುವುದೂ ಇದನ್ನೇ. ಮಾತನ್ನು ಸೆಕೆಂಡಿಗೆ ಐವತ್ತು ಚೂರಾಗಿ ಕತ್ತರಿಸಿ, ಒಂದೊಂದು ಚೂರಿಗೂ ಒಂದು ಚೀಟಿ ಬರೆಯುತ್ತದೆ. ಗಂಟಲು, ಬಾಯಿ ಈಗ ಯಾವ ಆಕಾರದಲ್ಲಿವೆ, ಸ್ವರ ಎಷ್ಟು ಎತ್ತರದಲ್ಲಿದೆ, ಉಳಿದ ಸದ್ದು ಎರಡೂ ಫೋನುಗಳ ಹತ್ತಿರ ಇರುವ ಸದ್ದುಗಳ ಪಟ್ಟಿಯಲ್ಲಿ ಎಷ್ಟನೆಯದನ್ನು ಹೋಲುತ್ತದೆ, ಇಷ್ಟು. ಆಚೆ ತುದಿಯ ಫೋನು ಚೀಟಿ ಓದಿ, ಅದರಂತೆ ಹೊಸದಾಗಿ ಸದ್ದು ಮಾಡುತ್ತದೆ. ಹಳೆಯ ಕರೆಗಳಲ್ಲಿ 3,400 ಹರ್ಟ್ಸ್‌ಗಿಂತ (ಸೆಕೆಂಡಿಗೆ 3,400 ನಡುಕಕ್ಕಿಂತ) ಮೇಲಿನದನ್ನು ಕತ್ತರಿಸಿಯೇ ಎಸೆಯುತ್ತಿದ್ದರು, ‘ಸ’ ಮತ್ತು ‘ಫ’ದ ಸೀತ್ಕಾರ ಹೆಚ್ಚಾಗಿ ಇರುವುದು ಅದರಾಚೆಗೆ. ಫೋನಿನಲ್ಲಿ ಹೆಸರು ಬರೆಸುವಾಗ “ಸ, ಸರಸ್ವತಿಯ ಸ” ಎಂದು ಅರಚುತ್ತಿದ್ದುದು ಎದುರಿನವರ ಕಿವಿಯ ತಪ್ಪಿನಿಂದಲ್ಲ.

(ಅಕ್ಷರಗಳೂ ಅಂಕಿಗಳೇ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡದ್ದು 70 ಮಾತ್ರ, ಅದರಲ್ಲೂ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಆರು ಜಾಗ ಕಳೆದುಹೋಗುತ್ತದೆ. ಒತ್ತಕ್ಷರ ಕಲಿಯಲು ಮೊದಲೇ ಮನಸ್ಸಿಲ್ಲದ ಮಗನಿಗೆ ಇದನ್ನು ಹೇಳಿದ್ದು ನನ್ನ ತಪ್ಪು.)

ಚಿಕ್ಕವಳು ಚೀಟಿಯ ವಿಷಯ ಕೇಳಿ ಬಹಳ ಹೊತ್ತು ಪೆನ್ಸಿಲ್ ಕಚ್ಚುತ್ತ ಕೂತಳು. ಆಮೇಲೆ ಕೇಳಿದಳು: “ಹಾಗಾದ್ರೆ ನಮ್ಮ ಫೋನು ಅಜ್ಜಿಯ ಮಿಮಿಕ್ರಿ ಮಾಡ್ತಾ ಇದೆಯಾ?”

ಹೌದು ಎನ್ನುವುದೇ ಸರಿಯಾದ ಉತ್ತರ. ನಾನು ಓದಿದ ಯಾವ ವಿವರಣೆಯೂ ಇದನ್ನು ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಆದರೆ ಹೌದು ಅನ್ನಲು ನನಗೇ ಒಂದು ಕ್ಷಣ ಹಿಂಜರಿಕೆಯಾಯಿತು. ಅಮ್ಮ ದೂರದಲ್ಲಿರುವ ಇಷ್ಟು ವರ್ಷಗಳಲ್ಲಿ, ಜ್ವರ ಬಂದ ರಾತ್ರಿಗಳಲ್ಲಿ, ಹೆರಿಗೆಯ ಹಿಂದಿನ ದಿನ, ಕಿವಿಗೆ ಒತ್ತಿ ಹಿಡಿದು ಕೇಳಿದ ಆ ದನಿ ಅವರ ಗಂಟಲಿಂದ ಹೊರಟದ್ದೇ ಹೊರತು, ನನ್ನ ಕಿವಿಗೆ ಬಿದ್ದದ್ದು ಈ ಪೆಟ್ಟಿಗೆ ಅವರ ಹಾಗೆ ಆಡಿ ತೋರಿಸಿದ್ದು. ಅಷ್ಟು ಚೆನ್ನಾಗಿ ಆಡಿತ್ತು, ಅವರು ಅಳು ತಡೆದುಕೊಂಡದ್ದೂ ತಿಳಿಯುವಷ್ಟು.

“ಹೌದು” ಎಂದೆ.

ಆ ಸಂಜೆ ಅಜ್ಜಿಯ ಕರೆ ಬಂದಾಗ ಅವಳು ಹಲೋ ಎನ್ನಲೇ ಇಲ್ಲ. “ಅಜ್ಜಿ, ಇದು ನೀವಾ, ಇಲ್ಲಾ ಫೋನು ಮಿಮಿಕ್ರಿ ಮಾಡ್ತಿದೆಯಾ?”

“ನಾನೇ ಕಣೇ” ಎಂದರು ಅಮ್ಮ. “ಮಿಮಿಕ್ರಿಯಾಗಿದ್ರೆ ನಿಮ್ಮಮ್ಮನ್ನ ಇಷ್ಟು ಬೈತಿತ್ತಾ? ಮೂರು ದಿನ ಆಯ್ತು ಫೋನ್ ಮಾಡಿ.”

ಇನ್ನು ಉಳಿದದ್ದು ಎಷ್ಟೋ. ಪರದೆಗೆ ಬೆರಳು ಮುಟ್ಟಿದ್ದು ಹೇಗೆ ಗೊತ್ತಾಗುತ್ತದೆ, ಬ್ಯಾಟರಿಯೊಳಗೆ ಏನಿದೆ, ವಿಡಿಯೋ ಎಲ್ಲಿಂದ ಬರುತ್ತದೆ. ಅವರು ಕೇಳಿಲ್ಲ, ನಾನಾಗಿ ಹೇಳಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡಲು ಹೋದಾಗೆಲ್ಲ ಇಬ್ಬರೂ ಆಕಳಿಸಿದ್ದಾರೆ.

ಒಂದನ್ನು ಮಾತ್ರ ನಾನಾಗಿ ಹೇಳಿದೆ, ತಡೆಯಲಾಗಲಿಲ್ಲ. ನಾವು ಸುಮ್ಮನಾದಾಗ ಫೋನು ಚೀಟಿ ಕಳಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. ಬ್ಯಾಟರಿ ಉಳಿಯುತ್ತದೆ, ಬೇರೆಯವರಿಗೆ ಜಾಗವೂ ಆಗುತ್ತದೆ. ಆದರೆ ಆ ಕಡೆ ಪೂರ್ತಿ ನಿಶ್ಶಬ್ದವಾದರೆ ಕೇಳುವವರು ಲೈನ್ ಕಟ್ಟಾಯಿತೆಂದು “ಹಲೋ, ಹಲೋ” ಎಂದು ಗಾಬರಿಯಾಗುತ್ತಾರೆ. ಅದಕ್ಕೇ ಕೇಳುವವರ ಫೋನು ತಾನೇ ಒಂದು ಸಣ್ಣ ‘ಸ್ಸ್ಸ್’ ಸದ್ದು ಹುಟ್ಟಿಸುತ್ತದೆ. ಅವರು ಇನ್ನೂ ಇದ್ದಾರೆ, ಭಯಪಡಬೇಡ ಎಂಬಂತೆ. ಆ ಸದ್ದಿಗೆ ಇಂಜಿನಿಯರುಗಳು ಇಟ್ಟ ಹೆಸರಿನ ಅರ್ಥವೂ ಸಮಾಧಾನದ ಸದ್ದು ಎಂದೇ.

ಮೊನ್ನೆ ಅಜ್ಜಿ ಕರೆ ಮಾಡಿ, ಮಾತಿನ ನಡುವೆ ಕನ್ನಡಕ ಹುಡುಕಲು ಫೋನು ಇಟ್ಟು ಎದ್ದುಹೋದರು. ಮಗಳು ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು. ನಾನು ಏನೋ ಕೇಳಲು ಹೋದರೆ ತುಟಿಯ ಮೇಲೆ ಬೆರಳಿಟ್ಟಳು.

“ಷ್. ಅಜ್ಜಿ ಇಲ್ಲ. ಈಗ ಫೋನೊಂದೇ ಮಾತಾಡ್ತಿದೆ.”